ಆಟ ಯಾರ ಕೈಯಲ್ಲಿ? ಡಿಸ್ಕ್ ಕೊಳ್ಳುವ ಮುನ್ನ, ಡೌನ್‌ಲೋಡ್ ಒತ್ತುವ ಮುನ್ನ

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಇತ್ತು. ಅಕ್ಟೋಬರ್ 30ಕ್ಕೆ ಭಾರತದ ಆಟಗಾರರಿಗೆ ಸರ್ವರೂ ಬಂದ್ ಆಯಿತು. ಯುಸಿ ಎಂಬ ಆಟದೊಳಗಿನ ನಾಣ್ಯ ಕೊಂಡು ಬಟ್ಟೆಬರೆ, ಬಂದೂಕಿನ ಬಣ್ಣ ಎಲ್ಲ ಕೂಡಿಟ್ಟವರಿಗೆ ಒಂದೇ ದಿನದಲ್ಲಿ ಅದ್ಯಾವುದೂ ಕಾಣದಂತಾಯಿತು. 2021ರ ಜುಲೈನಲ್ಲಿ ಅದೇ ಆಟದ ಭಾರತೀಯ ಆವೃತ್ತಿ ಬಿಜಿಎಂಐ ಬಂತು. ಹಳೆಯ ಖಾತೆಯ ಸಾಮಾನನ್ನು ಅದಕ್ಕೆ ವರ್ಗಾಯಿಸಿಕೊಳ್ಳಲು ಕೆಲವು ತಿಂಗಳ ಗಡುವೂ ಸಿಕ್ಕಿತು. ಮರುವರ್ಷ ಜುಲೈ ಕೊನೆಗೆ ಆ ಆಟವೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮತ್ತೆ ತಲೆ ಎತ್ತಿತು. ಈ ನಡುವೆ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಕೂಡ ನಿಷೇಧಕ್ಕೆ ಒಳಗಾಗಿತ್ತು.

ದುಡ್ಡು ಕೊಟ್ಟು ಕೊಂಡ ಆಟ ನಿಜಕ್ಕೂ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ನಮ್ಮ ಕಡೆಯ ಹುಡುಗರಿಗೆ ಮೊದಲು ಎದುರಾದದ್ದು ಹೀಗೆ, ಮೊಬೈಲ್ ಮೂಲಕ. ಅಂದು ಮೊಬೈಲ್‌ನಲ್ಲಿ ಆಡುತ್ತಿದ್ದವರು ಇಂದು ಕಾಲೇಜು ಮುಗಿಸಿ ದುಡಿಯುತ್ತಿದ್ದಾರೆ. ಲ್ಯಾಪ್‌ಟಾಪ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಕಡೆ ಕಣ್ಣು ಹಾಯಿಸುತ್ತಿದ್ದಾರೆ. ತೊಗರಿ ರಾಶಿ ಮುಗಿದು ನಾಲ್ಕು ಕಾಸು ಕೈಗೆ ಬಂದಾಗ ಮಗ ಕೇಳಿದ್ದನ್ನು ಕೊಡಿಸಲು ಹೊರಡುವ ತಂದೆತಾಯಂದಿರೂ ಇದ್ದಾರೆ. ಹತ್ತಾರು ಸಾವಿರದ ಯಂತ್ರ, ಒಂದೊಂದು ಆಟಕ್ಕೆ ಮೂರು, ನಾಲ್ಕು, ಐದು ಸಾವಿರ ರೂಪಾಯಿ. ಡಿಸ್ಕ್ ಕೊಳ್ಳಬೇಕೋ, ಡೌನ್‌ಲೋಡ್ ಮಾಡಿಕೊಳ್ಳಬೇಕೋ? ಕಲಬುರಗಿ ನಗರದಲ್ಲಿರುವವರಿಗೂ ಮಹಾಗಾಂವ, ಕಮಲಾಪುರದ ಆಸುಪಾಸಿನ ಹಳ್ಳಿಯವರಿಗೂ ಇದಕ್ಕೆ ಉತ್ತರ ಒಂದೇ ಆಗಿರುವುದಿಲ್ಲ.

ದುಡ್ಡು ಕೊಟ್ಟಾಗ ಸಿಗುವುದೇನು?

ಡಿಸ್ಕ್ ಕೊಂಡರೂ ಆಟದ ಹಕ್ಕುಸ್ವಾಮ್ಯ ಕಂಪನಿಯದೇ. ಆದರೆ ಆ ಒಂದು ಪ್ರತಿ ನಿಮ್ಮದು. ತಮ್ಮನಿಗೆ ಕೊಡಬಹುದು, ಗೆಳೆಯನ ಜತೆ ಅದಲುಬದಲು ಮಾಡಬಹುದು, ಬೇಸರವಾದರೆ ಮಾರಬಹುದು. ಯಾರ ಅಪ್ಪಣೆಯೂ ಬೇಡ.

ಡೌನ್‌ಲೋಡ್ ಮಾಡಿದ ಆಟ ನಿಮ್ಮ ಖಾತೆಗೆ ಅಂಟಿಕೊಂಡ ಪರವಾನಗಿ. ಬಸ್ ಪಾಸಿನಂತೆ ಅದು ನಿಮ್ಮ ಹೆಸರಿನಲ್ಲಿರುತ್ತದೆ, ಬೇರೆಯವರಿಗೆ ನಡೆಯುವುದಿಲ್ಲ, ಆ ದಾರಿಯ ಬಸ್ಸೇ ನಿಂತರೆ ಪಾಸ್ ಇದ್ದೂ ಉಪಯೋಗವಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಯಾದ ಕಾನೂನಿನ ಪ್ರಕಾರ, ಇಂಥ ಸರಕು ಮಾರುವವರು ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು. ಅದಕ್ಕೂ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ತನ್ನ ಪಾವತಿ ಪುಟದಲ್ಲಿ ಈ ಸೂಚನೆ ಹಾಕತೊಡಗಿತು. ಮುಂದಿನ ಸಲ ದುಡ್ಡು ಕಟ್ಟುವಾಗ ಆ ಸಾಲನ್ನು ಓದಿ ಮುಂದುವರಿಯಿರಿ.

ಅಂಗಡಿಯೇ ಬಾಗಿಲು ಹಾಕಿದ ನಿದರ್ಶನಗಳೂ ಇವೆ. ನಿಂಟೆಂಡೊ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿ 2023ರ ಮಾರ್ಚ್ 27ರಂದು, ಎಕ್ಸ್‌ಬಾಕ್ಸ್ 360ರದು 2024ರ ಜುಲೈ 29ರಂದು ಹೊಸ ಮಾರಾಟ ನಿಲ್ಲಿಸಿದವು. ಅಲ್ಲಿ ಮೊದಲೇ ಕೊಂಡಿದ್ದವರು ಆಟಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ಡಿಸ್ಕ್ ರೂಪದಲ್ಲಿ ಬಾರದ ಆಟಗಳನ್ನು ಹೊಸಬರು ಆ ಯಂತ್ರಕ್ಕೆ ಕೊಳ್ಳುವ ದಾರಿ ಮುಚ್ಚಿತು.

ಹಾಗೆಂದು ಡಿಸ್ಕ್ ಎಲ್ಲ ಕಾಲಕ್ಕೂ ಗಟ್ಟಿ ಎಂದೂ ಅಲ್ಲ. ಯೂಬಿಸಾಫ್ಟ್ ಕಂಪನಿಯ 'ದಿ ಕ್ರೂ' ಎಂಬ ಕಾರ್ ರೇಸ್ ಆಟ 2014ರಲ್ಲಿ ಡಿಸ್ಕ್ ರೂಪದಲ್ಲೂ ಬಂದಿತ್ತು. ಸರ್ವರ್ ಇಲ್ಲದೆ ಅದು ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಸರ್ವರ್ ಮುಚ್ಚಿದಾಗ ಡೌನ್‌ಲೋಡ್ ಮಾಡಿದವರ ಜತೆ ಡಿಸ್ಕ್ ಇಟ್ಟುಕೊಂಡವರೂ ಆಟ ಕಳೆದುಕೊಂಡರು. ಇದರಿಂದ ಸಿಟ್ಟಿಗೆದ್ದ ಆಟಗಾರರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಶುರುಮಾಡಿದರು. ಯುರೋಪ್ ಒಕ್ಕೂಟಕ್ಕೆ ಸಲ್ಲಿಸಲು ಅವರು ಕೈಗೊಂಡ ಸಹಿ ಸಂಗ್ರಹ 2025ರ ಜುಲೈನಲ್ಲಿ 10 ಲಕ್ಷ ದಾಟಿತು.

ಆದ್ದರಿಂದ ಯಾವ ಆಟ ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಿ. ನೆಟ್ ಇಲ್ಲದಾಗ ಇದು ನಡೆಯುತ್ತದೆಯೇ? ಬೇಡವಾದಾಗ ಇನ್ನೊಬ್ಬರಿಗೆ ಕೊಡಬಹುದೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಪೂರ್ತಿ ಬೆಲೆ ಕೊಡಿ. ಎರಡಕ್ಕೂ ಇಲ್ಲ ಎಂದಾದರೆ ಕೊಡುತ್ತಿರುವುದು ಬಾಡಿಗೆ ಎಂದು ತಿಳಿದು, ಬಾಡಿಗೆಯಷ್ಟೇ ಕೊಡಿ.

ಮೊದಲು ನೆಟ್ ಲೆಕ್ಕ

ದೊಡ್ಡ ಆಟಗಳು ಇಂದು 100 ಜಿಬಿ ಮುಟ್ಟುವುದು ಸಾಮಾನ್ಯ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್ ನಂಬಿಕೊಂಡರೆ, ವಾಟ್ಸ್‌ಆ್ಯಪ್, ಯೂಟ್ಯೂಬ್ ಎಲ್ಲ ಬಿಟ್ಟರೂ, 100 ಜಿಬಿ ಇಳಿಸಲು 50 ದಿನ ಬೇಕು. 30 ಎಂಬಿಪಿಎಸ್‌ನ ಫೈಬರ್ ಲೈನ್ ಇದ್ದರೆ ಏಳೂವರೆ ತಾಸು, 100 ಎಂಬಿಪಿಎಸ್ ಇದ್ದರೆ ಎರಡು ತಾಸಿಗೆ ಸ್ವಲ್ಪ ಹೆಚ್ಚು. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಸ್ಟೀಮ್ ಆಗಲಿ, ಪ್ಲೇಸ್ಟೇಷನ್ ಆಗಲಿ, ನಿಂತಲ್ಲಿಂದಲೇ ಡೌನ್‌ಲೋಡ್ ಮುಂದುವರಿಸುತ್ತವೆ.

ಮನೆಯ ನೆಟ್ ಯೋಜನೆಗೆ 'ಅನ್‌ಲಿಮಿಟೆಡ್' ಎಂದಿದ್ದರೂ ಒಳಗೊಂದು ಮಿತಿ ಇರುತ್ತದೆ. ಫೈಬರ್ ಯೋಜನೆಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3,300 ಜಿಬಿ, ಗೋಡೆಗೆ ಆಂಟೆನಾ ಹಾಕಿಕೊಡುವ ಏರ್‌ಫೈಬರ್ ಯೋಜನೆಗಳಲ್ಲಿ 1,000 ಜಿಬಿ ಆಸುಪಾಸು. ಅದು ಮುಗಿದ ಮೇಲೆ ವೇಗ ಬೀಳುತ್ತದೆ. ಒಬ್ಬ ಆಟಗಾರನಿಗೆ ಇಷ್ಟು ಧಾರಾಳವಾಗಿ ಸಾಕು. ಹಳ್ಳಿಯಲ್ಲಿ ಮುಖ್ಯ ಪ್ರಶ್ನೆ, ನಿಮ್ಮ ಓಣಿಯವರೆಗೆ ಲೈನ್ ಬಂದಿದೆಯೇ ಎಂಬುದು. ಯಂತ್ರಕ್ಕೆ ಮುಂಗಡ ಕೊಡುವ ಮುನ್ನ ಅದನ್ನು ವಿಚಾರಿಸಿ.

ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಒಳದಾರಿ ಉಂಟು. ಕಲಬುರಗಿಯಲ್ಲಿ ಫೈಬರ್ ಇರುವ ನೆಂಟರ ಮನೆಗೋ ಗೆಳೆಯನ ರೂಮಿಗೋ ಹೋದಾಗ ಸ್ಟೀಮ್‌ನಲ್ಲಿ ಆಟ ಇಳಿಸಿ, ಅದರಲ್ಲೇ ಇರುವ ಬ್ಯಾಕಪ್ ಸೌಲಭ್ಯದಿಂದ ಹಾರ್ಡ್ ಡಿಸ್ಕ್‌ಗೆ ಹಾಕಿಕೊಳ್ಳಿ. ಮುಂದೆ ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆ ಆಟ ತೆಗೆದುಹಾಕಿದರೂ, ಊರಲ್ಲಿ ಹಾರ್ಡ್ ಡಿಸ್ಕ್‌ನಿಂದ ಮತ್ತೆ ಹಾಕಿಕೊಂಡರೆ ಸಣ್ಣಪುಟ್ಟ ಅಪ್‌ಡೇಟ್ ಮಾತ್ರ ಬಾಕಿ ಉಳಿಯುತ್ತದೆ.

ಡಿಸ್ಕ್ ಇದ್ದರೆ ನೆಟ್ ಬೇಡವೇ?

ಸಿನಿಮಾ ಡಿವಿಡಿ ಹಾಕಿದಂತೆ ಡಿಸ್ಕ್ ಹಾಕಿದ ಕೂಡಲೇ ಆಟ ಶುರುವಾಗುವ ಕಾಲ ಮುಗಿದಿದೆ. ಪ್ಲೇಸ್ಟೇಷನ್‌ನ ಪಿಎಸ್4, ಪಿಎಸ್5 ಎರಡರಲ್ಲೂ ಡಿಸ್ಕ್‌ನಲ್ಲಿರುವುದು ಮೊದಲು ಯಂತ್ರದ ಒಳಗೆ ನಕಲಾಗುತ್ತದೆ. ಆಮೇಲೆ ಆಡುವಾಗಲೆಲ್ಲ ಡಿಸ್ಕ್ ಒಳಗಿರಲೇಬೇಕು. ಹೀಗಾಗಿ ಡಿಸ್ಕ್ ಕೊಂಡರೆ ಯಂತ್ರದಲ್ಲಿ ಜಾಗ ಉಳಿಯುತ್ತದೆ ಎಂದುಕೊಳ್ಳಬೇಡಿ. ಮೊದಲ ಪಿಎಸ್5ರಲ್ಲಿ 825 ಜಿಬಿ ಎಂದು ಬರೆದಿದ್ದರೂ ಆಟಕ್ಕೆ ಸಿಗುವುದು 667 ಜಿಬಿ. ಡಿಸ್ಕ್‌ನಿಂದ ಉಳಿಯುವುದು ನೆಟ್.

ಉಳಿತಾಯ ಎಷ್ಟು ಎಂಬುದು ಆಟವನ್ನು ಅವಲಂಬಿಸಿರುತ್ತದೆ. ಕಥೆ ಇರುವ, ಒಬ್ಬರೇ ಆಡುವ ಬಹುತೇಕ ಆಟಗಳಲ್ಲಿ ಡಿಸ್ಕ್‌ನಲ್ಲಿರುವಷ್ಟರಿಂದಲೇ ಆಟ ಮುಗಿಸಬಹುದು. ತಪ್ಪು ತಿದ್ದುವ ಅಪ್‌ಡೇಟ್ ಬೇಕಾದರೆ ಮಾತ್ರ ನೆಟ್. ಇದಕ್ಕೆ ತದ್ವಿರುದ್ಧವಾದ ಉದಾಹರಣೆ, 2022ರಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2'. ಅದರ ಪಿಎಸ್5 ಡಿಸ್ಕ್‌ನಲ್ಲಿದ್ದದ್ದು ಸುಮಾರು 70 ಎಂಬಿ, ಉಳಿದದ್ದೆಲ್ಲ ಡೌನ್‌ಲೋಡ್. ನಿಂಟೆಂಡೊ ಸ್ವಿಚ್ 2 ಯಂತ್ರಕ್ಕೆ 2025ರಿಂದ 'ಗೇಮ್ ಕೀ ಕಾರ್ಡ್' ಎಂಬ ಹೊಸ ಬಗೆ ಬಂದಿದೆ. ಕಾರ್ಡ್ ಕೈಗೆ ಸಿಗುತ್ತದೆ, ಮಾರಲೂಬಹುದು, ಆದರೆ ಒಳಗೆ ಆಟವಿಲ್ಲ. ಅದನ್ನು ನೆಟ್‌ನಿಂದಲೇ ಇಳಿಸಿಕೊಳ್ಳಬೇಕು. ಇನ್ನು ಕೆಲವು ಡಬ್ಬಿಗಳಲ್ಲಿ ಡಿಸ್ಕ್ ಇರುವುದೇ ಇಲ್ಲ, ಕೋಡ್ ಬರೆದ ಚೀಟಿ ಇರುತ್ತದೆ.

ಅದಕ್ಕೇ ಡಬ್ಬಿ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಇಂಟರ್‌ನೆಟ್ ಕಡ್ಡಾಯ, ಡೌನ್‌ಲೋಡ್ ಕಡ್ಡಾಯ ಎಂಬ ಮಾತಿದ್ದರೆ ಅದು ಮಹಾಗಾಂವಕ್ಕೆ ಹೊಂದುವ ಡಿಸ್ಕ್ ಅಲ್ಲ.

ಯಂತ್ರ ಕೊಳ್ಳುವಾಗಲೇ ಅರ್ಧ ತೀರ್ಮಾನ

ಡಿಸ್ಕೋ ಡೌನ್‌ಲೋಡೋ ಎಂಬುದು ಆಟ ಕೊಳ್ಳುವಾಗ ಬರುವ ಪ್ರಶ್ನೆ ಎಂದು ಹಲವರು ತಿಳಿದಿದ್ದಾರೆ. ಯಂತ್ರದ ಬಿಲ್ ಆಗುವಷ್ಟರಲ್ಲಿ ಅದು ತೀರ್ಮಾನವಾಗಿರುತ್ತದೆ. 2021ರ ಫೆಬ್ರವರಿ 2ರಂದು ಪಿಎಸ್5 ಭಾರತಕ್ಕೆ ಬಂದಾಗ ಡಿಸ್ಕ್ ಡ್ರೈವ್ ಇದ್ದದ್ದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990. ಬೆಲೆಗಳು ಆಮೇಲೆ ಏರಿದವು, ಎರಡರ ನಡುವೆ ಅಂತರ ಉಳಿಯಿತು. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವ್ ಇಲ್ಲ.

ಹತ್ತು ಸಾವಿರ ಉಳಿಯಿತಲ್ಲ ಎಂದು ಡ್ರೈವ್ ಇಲ್ಲದ್ದನ್ನು ಕೊಳ್ಳುವ ಮುನ್ನ ಈ ಲೆಕ್ಕ ಹಾಕಿ. 4,999 ರೂಪಾಯಿಯ ಡಿಸ್ಕ್ ಆಡಿ ಮುಗಿಸಿ 2,500ಕ್ಕೆ ಮಾರಿದಿರಿ ಎಂದುಕೊಳ್ಳಿ. ನಾಲ್ಕು ಆಟಗಳಲ್ಲಿ ಆ ಹತ್ತು ಸಾವಿರ ವಾಪಸ್ ಬರುತ್ತದೆ. ಇತರರಿಂದ ಹಳೆಯ ಡಿಸ್ಕ್ ಕೊಂಡರೆ ಇನ್ನೂ ಬೇಗ. ಡ್ರೈವ್ ಇಲ್ಲದ ಯಂತ್ರಕ್ಕೆ ಒಂದೇ ಅಂಗಡಿ, ಅಲ್ಲಿ ಹೇಳಿದ್ದೇ ಬೆಲೆ.

ಇನ್ನೆರಡು ವಿಷಯ. ಮನೆಯಲ್ಲಿ ಪಿಎಸ್4 ಡಿಸ್ಕ್‌ಗಳಿದ್ದರೆ ಅವು ಡ್ರೈವ್ ಇರುವ ಪಿಎಸ್5ರಲ್ಲಿ ನಡೆಯುತ್ತವೆ, ಡ್ರೈವ್ ಇಲ್ಲದ್ದರಲ್ಲಿ ಕಸ. 2023ರ ಕೊನೆಯಲ್ಲಿ ಬಂದ ತೆಳು ಪಿಎಸ್5 ಮಾದರಿಗೆ ಡ್ರೈವನ್ನು ಆಮೇಲೆ ಬೇರೆಯಾಗಿ ಕೊಂಡು ಜೋಡಿಸಬಹುದು. ಜೋಡಿಸುವಾಗ ಒಮ್ಮೆ ನೆಟ್ ಸಂಪರ್ಕ ಬೇಕು.

ಹಳೆಯ ಡಿಸ್ಕ್ ಕೈಗೆ ಬಂದಾಗ

ಹಳೆಯ ಡಿಸ್ಕ್‌ಗಳ ದೊಡ್ಡ ಸಂತೆ ಹೈದರಾಬಾದ್, ಬೆಂಗಳೂರಿನಂಥ ನಗರಗಳಲ್ಲಿದೆ. ನಮ್ಮ ಭಾಗದಲ್ಲಿ ವ್ಯವಹಾರ ನಡೆಯುವುದು ಹೆಚ್ಚಾಗಿ ಒಎಲ್‌ಎಕ್ಸ್‌ನಲ್ಲಿ, ಇಲ್ಲವೇ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಮಾರುವವನು ಕಲಬುರಗಿಯಿಂದ ಹುಮನಾಬಾದ್ ಬಸ್ ಹತ್ತಿ ಬಂದು ಮಹಾಗಾಂವ ಕ್ರಾಸ್‌ನಲ್ಲಿ ಡಬ್ಬಿ ಕೈಗಿಟ್ಟರೆ, ದುಡ್ಡು ಎಣಿಸುವ ಮುನ್ನ ಐದು ನಿಮಿಷ ತೆಗೆದುಕೊಳ್ಳಿ.

ಡಿಸ್ಕನ್ನು ಅಂಚಿನಲ್ಲಿ ಹಿಡಿದು ಹೊಳೆಯುವ ಬದಿಯ ಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ನಡುವಿನಿಂದ ಅಂಚಿಗೆ ಹೋಗುವ ನವಿರಾದ ಗೀರುಗಳಿಗೆ ಹೆದರಬೇಕಿಲ್ಲ. ವೃತ್ತಾಕಾರವಾಗಿ ಸುತ್ತಿಕೊಂಡ ಗೀರು ಕಂಡರೆ ಬೇಡ ಎನ್ನಿ. ದತ್ತಾಂಶ ಬರೆದಿರುವ ದಾರಿಯುದ್ದಕ್ಕೂ ಅದು ಹರಿದಿರುತ್ತದೆ, ಓದುವ ಲೇಸರ್ ತಪ್ಪುತ್ತದೆ. ಉಗುರು ಆಡಿಸಿದಾಗ ತಡೆಯುವ ಗೀರೂ ಬೇಡ. ಡಿವಿಡಿಯಲ್ಲಿ ದತ್ತಾಂಶದ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಆಳದಲ್ಲಿದ್ದರೆ, ಪಿಎಸ್4, ಪಿಎಸ್5 ಬಳಸುವ ಬ್ಲೂ ರೇಯಲ್ಲಿ ಕೇವಲ 0.1 ಮಿಲಿಮೀಟರ್ ಒಳಗಿದೆ. ಮೇಲೆ ಗಟ್ಟಿ ಲೇಪನವಿರುವುದರಿಂದ ಸುಲಭಕ್ಕೆ ಗೀರು ಬೀಳದು. ಆಳವಾಗಿ ಬಿದ್ದರೆ ಉಜ್ಜಿ ಸರಿಪಡಿಸಲು ಅಲ್ಲಿ ದಪ್ಪವೇ ಇಲ್ಲ. ಕೊನೆಗೆ ನಡುವಿನ ರಂಧ್ರದ ಸುತ್ತ ಬೆರಳಾಡಿಸಿ, ಬಿರುಕಿದ್ದರೆ ವಾಪಸ್ ಕೊಡಿ.

ದುಬೈಯಿಂದ ನೆಂಟರು ತಂದ ಡಿಸ್ಕ್ ಇಲ್ಲಿಯೂ ನಡೆಯುತ್ತದೆ. ಪಿಎಸ್4, ಪಿಎಸ್5 ಡಿಸ್ಕ್‌ಗಳಿಗೆ ದೇಶದ ಬೀಗವಿಲ್ಲ. ಆದರೆ ಆಟದ ಹೆಚ್ಚುವರಿ ಭಾಗಗಳನ್ನು ಕೊಳ್ಳುವಾಗ ಡಿಸ್ಕ್ ಯಾವ ಪ್ರದೇಶದ್ದೋ ಆ ಪ್ರದೇಶದ ಅಂಗಡಿಯದೇ ಬೇಕಾಗುತ್ತದೆ. ಹಳೆಯ ಡಬ್ಬಿಯೊಳಗಿನ ಉಚಿತ ಕೋಡ್‌ಗಳು ಒಂದೇ ಬಾರಿಗೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮನೆಗೆ ತಂದ ಮೇಲೆ ಡಬ್ಬಿಯಲ್ಲೇ, ನಿಲ್ಲಿಸಿ ಇಡಿ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ತಗಡಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಡಿಸ್ಕ್ ಸೊಟ್ಟಗಾಗುತ್ತದೆ. ಧೂಳು ಕೂತರೆ ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಿ ಸುತ್ತಿ ಉಜ್ಜಬಾರದು.

ಕಂಪ್ಯೂಟರ್‌ನಲ್ಲಿ ಆಡುವವರಿಗೆ

ಇಲ್ಲಿ ಡಿಸ್ಕಿನ ಕಾಲ ಮುಗಿಯಿತು. 2015ರಲ್ಲಿ ಜಿಟಿಎ 5 ಕಂಪ್ಯೂಟರ್‌ಗೆ ಬಂದಾಗ ಡಬ್ಬಿಯಲ್ಲಿ ಏಳು ಡಿವಿಡಿ ಇದ್ದವು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವೇ ಇರುವುದಿಲ್ಲ. ಡಬ್ಬಿಯಲ್ಲಿನ ಕೋಡ್ ಒಮ್ಮೆ ಯಾರದೋ ಖಾತೆಗೆ ಸೇರಿದ್ದರೆ ಆ ಹಳೆಯ ಡಬ್ಬಿಗೆ ಬೆಲೆಯೂ ಇಲ್ಲ. ಡೌನ್‌ಲೋಡ್ ಒಂದೇ ದಾರಿ ಎಂದಮೇಲೆ ಅಂಗಡಿಗಳ ನಡುವಿನ ವ್ಯತ್ಯಾಸ ತಿಳಿದಿರಲಿ.

ಸ್ಟೀಮ್ 2015ರ ನವೆಂಬರ್‌ನಿಂದ ರೂಪಾಯಿಯಲ್ಲೇ ಬೆಲೆ ತೋರಿಸುತ್ತದೆ, ಯುಪಿಐ ಮೂಲಕವೂ ಕಟ್ಟಬಹುದು. ಕೊಂಡ 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ಕೇಳಿದವರಿಗೆ ಹಣ ವಾಪಸ್ ಕೊಡುತ್ತದೆ. ಈ ಸೌಲಭ್ಯ ಗೊತ್ತಿಲ್ಲದೆ, ತಮ್ಮ ಲ್ಯಾಪ್‌ಟಾಪ್‌ನಲ್ಲಿ ನಡೆಯದ ಆಟಕ್ಕೆ ದುಡ್ಡು ಕಳೆದುಕೊಳ್ಳುವವರು ಬಹಳ. ಪ್ಲೇಸ್ಟೇಷನ್ ಅಂಗಡಿಯ ನಿಯಮ ಬಿಗಿ: 14 ದಿನ ಅಲ್ಲೂ ಇದೆ, ಆದರೆ ಡೌನ್‌ಲೋಡ್ ಶುರುಮಾಡಿದರೆ ಹಣ ಮರಳುವ ಆಸೆ ಬಿಡಬೇಕು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆಬೇರೆ ಕೊಳ್ಳಬೇಕಿಲ್ಲ. ಸ್ಟೀಮ್‌ನ ಕುಟುಂಬ ಸೌಲಭ್ಯದಲ್ಲಿ ಆರು ಮಂದಿ ಸೇರಿ ಆಟಗಳನ್ನು ಹಂಚಿಕೊಳ್ಳಬಹುದು.

ಇಟ್ಟುಕೊಳ್ಳಲೇಬೇಕೆನಿಸುವ ಆಟಕ್ಕೆ ಜಿಒಜಿ ಅಂಗಡಿ ನೋಡಿ. ಬೀಗವಿಲ್ಲದ ಇನ್‌ಸ್ಟಾಲರ್ ಕಡತವನ್ನೇ ಅಲ್ಲಿ ಕೊಡುತ್ತಾರೆ. ಹಾರ್ಡ್ ಡಿಸ್ಕ್‌ನಲ್ಲಿ ಹಾಕಿಟ್ಟರೆ ನಾಳೆ ಅಂಗಡಿ ಮುಚ್ಚಿದರೂ ಆಟ ನಡೆಯುತ್ತದೆ. ಎಪಿಕ್ ಗೇಮ್ಸ್ ಅಂಗಡಿ ವಾರಕ್ಕೊಂದು ಆಟವನ್ನಾದರೂ ಪುಕ್ಕಟೆ ಕೊಡುತ್ತ ಬಂದಿದೆ. ಕೈ ಬರಿದಾಗಿರುವ ವಿದ್ಯಾರ್ಥಿಗಳು ಅಲ್ಲಿಂದಲೇ ಶುರುಮಾಡಲಿ. ಸ್ಟೀಮ್‌ನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ರಿಯಾಯಿತಿ ಮಾರಾಟಗಳಿವೆ. ಅವಸರವಿಲ್ಲದವರು ಅರ್ಧ ಬೆಲೆಗೂ ಕಡಿಮೆಗೆ ಹಳೆಯ ಆಟ ಕೊಳ್ಳಬಹುದು. ಮಾರಲಾಗದ ಆಟಕ್ಕೆ ಪೂರ್ತಿ ಬೆಲೆ ಕೊಡದಿರುವುದೇ ಸರಿ.

ಖಾತೆ ಕಳೆದರೆ ಕಪಾಟೇ ಕಳೆದಂತೆ

ಡಿಜಿಟಲ್ ಆಟ ಕೊಳ್ಳುವವರ ಆಸ್ತಿ ಒಂದೇ, ಖಾತೆ. ಅದನ್ನು ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರಿನಲ್ಲಿ ತೆರೆಯಿರಿ. ಅಂಗಡಿಯವನು ಮಾಡಿಕೊಟ್ಟ ಇಮೇಲ್, ರಿಚಾರ್ಜ್ ನಿಲ್ಲಿಸಿದ ಹಳೆಯ ಸಿಮ್ ಬೇಡ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಅದು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ ಇಡುವಲ್ಲೇ ಇಡಿ. ಖರೀದಿಯ ಇಮೇಲ್ ಅಳಿಸಬೇಡಿ. ಖಾತೆ ಯಾರಾದರೂ ಕದ್ದರೆ ಅದು ನಿಮ್ಮದೇ ಎಂದು ತೋರಿಸಲು ಆ ರಸೀದಿಗಳೇ ಆಧಾರ.

ಟೆಲಿಗ್ರಾಂ, ಒಎಲ್‌ಎಕ್ಸ್‌ನಲ್ಲಿ ನಾಲ್ಕೈದು ನೂರಕ್ಕೆ 'ಐಡಿ' ಮಾರುವವರಿದ್ದಾರೆ. ಬೇರೊಬ್ಬರ ಖಾತೆಯಲ್ಲಿ ಲಾಗಿನ್ ಆಗಿ ದುಬಾರಿ ಆಟ ಆಡಿ ಎಂಬುದು ಅವರ ಮಾತು. ಇದು ಕಂಪನಿಗಳ ನಿಯಮಕ್ಕೆ ವಿರುದ್ಧ. ಮಾರಿದವನು ಪಾಸ್‌ವರ್ಡ್ ಬದಲಿಸಿದ ದಿನ ಆಟ ಹೋಗುತ್ತದೆ, ಕೇಳಲು ಯಾರೂ ಇರುವುದಿಲ್ಲ.

ತಿಂಗಳ ಚಂದಾ ಕಟ್ಟುವ ಗೇಮ್ ಪಾಸ್, ಪ್ಲೇಸ್ಟೇಷನ್ ಪ್ಲಸ್ ಯೋಜನೆಗಳಲ್ಲಿ ಆಟ ನಿಮ್ಮದಾಗುವುದೇ ಇಲ್ಲ. ಚಂದಾ ನಿಂತ ದಿನ ಆಟವೂ ನಿಲ್ಲುತ್ತದೆ. ಬೇಸಿಗೆ ರಜೆಯಲ್ಲಿ ಒಂದೆರಡು ತಿಂಗಳು ಕಟ್ಟಿ, ಬೇಕಾದ್ದು ಆಡಿ, ನಿಲ್ಲಿಸುವವರಿಗೆ ಇದು ಲಾಭ. ಮರೆತು ವರ್ಷವಿಡೀ ಕಟ್ಟುವವರಿಗೆ ನಷ್ಟ. ಮಕ್ಕಳ ಕೈಯಲ್ಲಿ ಮೊಬೈಲ್ ಇರುವ ಮನೆಯಲ್ಲಿ ಪ್ಲೇ ಸ್ಟೋರ್‌ನ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಂದೇ ಸೆಟ್ಟಿಂಗ್ ಬದಲಿಸಿ.

ಹೆತ್ತವರಲ್ಲಿ ಇನ್ನೊಂದು ಗೊಂದಲವಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸುವುದು ಹಣ ಪಣಕ್ಕಿಟ್ಟು ಹಣ ಗೆಲ್ಲುವ ಆಟಗಳನ್ನು. ಬೆಲೆ ಕೊಟ್ಟು ಕೊಂಡು ಆಡುವ ವಿಡಿಯೊ ಗೇಮ್‌ಗಳಿಗೆ ಆ ನಿಷೇಧ ತಟ್ಟುವುದಿಲ್ಲ.

ಮೋಸವಾದರೆ

ಡಿಸ್ಕ್ ಆಗಲಿ, ಯಂತ್ರವಾಗಲಿ, ಜಿಎಸ್‌ಟಿ ಬಿಲ್ ಇಲ್ಲದೆ ಹೊಸದನ್ನು ಕೊಳ್ಳಬೇಡಿ. ಆನ್‌ಲೈನ್ ಪಾರ್ಸೆಲ್ ಬಿಚ್ಚುವಾಗ ಮೊಬೈಲ್‌ನಲ್ಲಿ ಪೂರ್ತಿ ವಿಡಿಯೊ ಮಾಡಿ. ಖಾಲಿ ಡಬ್ಬಿಯೋ ಬೇರೆ ವಸ್ತುವೋ ಬಂದರೆ ಅದೇ ಸಾಕ್ಷಿ. ಮಾರಾಟಗಾರ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಾಟಗಾರ ಮುಂಬೈಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸುವ ಹಕ್ಕು ನಿಮಗಿದೆ.

ಯಾರಿಗೆ ಯಾವುದು?

ಫೈಬರ್ ಬಾರದ ಹಳ್ಳಿಯಲ್ಲಿ ಟಿವಿಗೆ ಜೋಡಿಸಿ ಆಡುವವರು ಡಿಸ್ಕ್ ಡ್ರೈವ್ ಇರುವ ಯಂತ್ರವನ್ನೇ ಕೊಳ್ಳಿ. ಕಥೆಯಿರುವ ಆಟಗಳ ಡಿಸ್ಕ್ ತನ್ನಿ, ಆಡಿ ಮುಗಿಸಿ ಮಾರಿ, ಬಂದ ದುಡ್ಡಿಗೆ ಮುಂದಿನದು ಕೊಳ್ಳಿ. ಕಲಬುರಗಿಯಲ್ಲಿ ಒಳ್ಳೆಯ ಫೈಬರ್ ಇದ್ದು, ವರ್ಷಪೂರ್ತಿ ಒಂದೆರಡೇ ಆನ್‌ಲೈನ್ ಆಟ ಆಡುವವರಿಗೆ ಡ್ರೈವ್ ಇಲ್ಲದ ಯಂತ್ರ ಸಾಕು. ಆ ಆಟಗಳು ಹೇಗಿದ್ದರೂ ಸರ್ವರ್ ಇದ್ದಷ್ಟು ದಿನ ಮಾತ್ರ. ಲ್ಯಾಪ್‌ಟಾಪ್‌ನವರು ರಿಯಾಯಿತಿಗೆ ಕಾಯಿರಿ, ಮೆಚ್ಚಿದ ಆಟವನ್ನು ಜಿಒಜಿಯಲ್ಲಿ ಕೊಂಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಮೊಬೈಲ್ ಆಟದೊಳಗಿನ ಬಟ್ಟೆ, ಬಂದೂಕು, ವಜ್ರಗಳಿಗೆ ಹಾಕಿದ ಹಣ ವಾಪಸ್ ಬರುವುದಿಲ್ಲ. ಹೋದರೆ ಹೋಗಲಿ ಎನ್ನುವಷ್ಟು ಮಾತ್ರ ಹಾಕಿ.